ಕೃಷ್ಣಗಿರಿ ಸೀಮೆಯ ಚಿನ್ನ ಮತ್ತು ಕಬ್ಬಿಣ

ಭೂಮಿಯಲ್ಲಿ ಲೋಹಗಳು ಎರಡು ಬಗೆಯಾಗಿ ದೊರೆಯುತ್ತವೆ. ಚಿನ್ನ, ಪ್ಲಾಟಿನಂ ಗಾಳಿ ನೀರಿಗೆ ಜಗ್ಗುವುದಿಲ್ಲ. ಬಹುಮಟ್ಟಿಗೆ ಲೋಹರೂಪದಲ್ಲೇ ಉಳಿಯುತ್ತವೆ. ಕಬ್ಬಿಣ, ಅಲ್ಯೂಮಿನಿಯಂ, ಸೋಡಿಯಂ ಹಾಗಲ್ಲ. ಆಮ್ಲಜನಕವೋ ಕ್ಲೋರಿನ್ನೋ ಸಿಕ್ಕರೆ ಕೂಡಿಕೊಂಡು ಸಂಯುಕ್ತಗಳಾಗುತ್ತವೆ. ತಾಮ್ರ, ಬೆಳ್ಳಿ ಎರಡೂ ರೂಪದಲ್ಲಿ ಸಿಗುತ್ತವೆ. ತಮಿಳುನಾಡಿನ ಹೊಸೂರು, ಕೃಷ್ಣಗಿರಿಯ ಸುತ್ತಲಿನ ಸೀಮೆ ಎರಡು ಬಗೆಗೂ ಸಾಕ್ಷಿ.

ಕೋಲಾರದ ಚಿನ್ನದ ಶಿಲಾಪಟ್ಟಿ ದಕ್ಷಿಣಕ್ಕೆ ಆಂಧ್ರದ ಅಂಚು ದಾಟಿ ಕೃಷ್ಣಗಿರಿ ಜಿಲ್ಲೆಯ ಮಹಾರಾಜಗಡೈ ಕಡೆಗೂ ಚಾಚಿದೆ. ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಚಾಂಪಿಯನ್ ರೀಫ್‌ನಲ್ಲಿ ಬೆಣಚುಕಲ್ಲಿನ ಎಳೆಗಳೊಳಗೆ ಚಿನ್ನ ಲೋಹವಾಗಿಯೇ ಕೂತಿತ್ತು. ಆದರೂ ಅದು ಅಪ್ಪಟವಲ್ಲ, ಜೊತೆಯಲ್ಲಿ ಸ್ವಲ್ಪ ಬೆಳ್ಳಿ ಇರುತ್ತದೆ. ಕಲ್ಲನ್ನು ಪುಡಿ ಮಾಡಿದರೆ ಚಿನ್ನ ಬೇರ್ಪಡುತ್ತದೆ. ತೀರಾ ನವಿರಾದ ಕಣಗಳಿಗಷ್ಟೇ ಸಯನೈಡ್ ಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಈ ಗಣಿಗಾರಿಕೆ 2001ರ ಫೆಬ್ರುವರಿಯಲ್ಲಿ ನಿಂತಿತು.

ಕಬ್ಬಿಣದ ಕಥೆ ಇನ್ನೂ ದೊಡ್ಡದು.

ಮಳೆ ನಿಂತ ಮೇಲೆ ಹಳ್ಳದ ದಡದಲ್ಲಿ ಕಪ್ಪು ಮರಳು ಗೆರೆಗಟ್ಟಿರುತ್ತದೆ. ಅಯಸ್ಕಾಂತ ಹಿಡಿದರೆ ಅದರ ಕಣಗಳು ಮೀಸೆಯಂತೆ ಎದ್ದು ಅಂಟುತ್ತವೆ. ಅದು ಮ್ಯಾಗ್ನಟೈಟ್, ಅಂದರೆ ಕಬ್ಬಿಣ ಮತ್ತು ಆಮ್ಲಜನಕದ ಸಂಯುಕ್ತ. ಅದನ್ನು ಎಷ್ಟು ಕುಟ್ಟಿದರೂ ಕಬ್ಬಿಣ ಬಾರದು. ಮಣ್ಣಿನ ಕುಲುಮೆಯಲ್ಲಿ ಇದ್ದಿಲ ಜೊತೆ ಹಾಕಿ ತಿದಿ ಊದಬೇಕು. ಇದ್ದಿಲಿನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕವನ್ನು ಕಸಿದುಕೊಳ್ಳುತ್ತದೆ. ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು; ಅಂಥ ಕುಲುಮೆ ಅಷ್ಟು ಕಾಯುತ್ತಿರಲಿಲ್ಲ. ಸಿಗುತ್ತಿದ್ದದ್ದು ತೂತುತೂತಾದ ಮುದ್ದೆ. ಕೆಂಪಗಿರುವಾಗಲೇ ಬಡಿದು ಕಿಟ್ಟ ಬಿಡಿಸುತ್ತಿದ್ದರು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇಂಥ ಕುಲುಮೆಗಳನ್ನು ಕಂಡು ಬರೆದಿದ್ದಾನೆ.

ಈ ಜ್ಞಾನ ಎಷ್ಟು ಹಳೆಯದು? ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈಯಲ್ಲಿ ತಮಿಳುನಾಡು ಪುರಾತತ್ವ ಇಲಾಖೆ ಅಗೆದಾಗ ಕಬ್ಬಿಣದ ವಸ್ತುಗಳು ದೊರೆತವು. ಆ ನೆಲೆಯ ಮಾದರಿಗಳ ಕಾಲ ಕ್ರಿ.ಪೂ. 2172ರವರೆಗೆ ಹೋಗುತ್ತದೆ ಎಂದು 2022ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿತು. ಅದೇ ಇಲಾಖೆಯ 2025ರ ವರದಿಯಲ್ಲಿ ತೂತ್ತುಕುಡಿ ಜಿಲ್ಲೆಯ ಶಿವಗಳೈಗೆ ಇನ್ನೂ ಹಳೆಯ ಕಾಲ ಹೇಳಲಾಗಿದೆ.

ಗಂಧಕದೊಡನೆ ಬೆಸೆದ ಲೋಹವೂ ಇಲ್ಲುಂಟು. ಊತ್ತಂಗರೈ–ಹರೂರು ಪಟ್ಟಿಯಲ್ಲಿ ಮಾಲಿಬ್ಡಿನಂ ಅದಿರು ಇದೆ; ಸೀಸದ ಬಣ್ಣ, ಉಗುರಿಗೆ ಗೀರು ಬೀಳುವಷ್ಟು ಮೆದು.

ಚಿನ್ನ ಕಂಡವನಿಗೆ ಸಿಕ್ಕ ಲೋಹ. ಕಬ್ಬಿಣವನ್ನು ಕಲಿತು ಪಡೆಯಬೇಕಾಯಿತು; ಕುಲುಮೆಯ ಕಿಟ್ಟ ಆ ಕಲಿಕೆಯ ಗುರುತು. ಆದ್ದರಿಂದ ಈ ಭಾಗದ ಹೊಲಗಳಲ್ಲಿ ನೇಗಿಲಿಗೆ ಕಿಟ್ಟದ ಗಟ್ಟಿ ಸಿಕ್ಕರೆ ರೈತರು ಎಸೆಯಬಾರದು, ಸಿಕ್ಕ ಜಾಗವನ್ನು ಗುರುತಿಟ್ಟು ಪುರಾತತ್ವ ಇಲಾಖೆಗೆ ತಿಳಿಸಬೇಕು.