ಹಚ್ಚೆ ಯಂತ್ರ: ಮೋಟರಿಗಿಂತ ಕಾರ್ಟ್ರಿಡ್ಜ್ ಮುಖ್ಯ

ಹಚ್ಚೆ ಹಾಕಿಸಿಕೊಳ್ಳಲು ಹೋದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಸೂಜಿ ಹೊಸದೇ? ಹೌದೆಂಬ ಉತ್ತರ ದೊರೆತರೆ ನಿಶ್ಚಿಂತರಾಗುತ್ತಾರೆ. ಆದರೆ ಇಂದು ಹೆಚ್ಚಾಗಿ ಬಳಕೆಯಲ್ಲಿರುವ ರೋಟರಿ ಯಂತ್ರಗಳ ಮಟ್ಟಿಗೆ ಈ ಪ್ರಶ್ನೆಯೊಂದೇ ಸಾಲದು. ಸೂಜಿ ಹೊಸದಾಗಿದ್ದರೂ ಹಿಂದಿನ ಗಿರಾಕಿಯ ರಕ್ತ ಯಂತ್ರದೊಳಗೆ ಉಳಿದಿರಲು ಸಾಧ್ಯವಿದೆ. ಅದನ್ನು ತಡೆಯುವುದು ಕಾರ್ಟ್ರಿಡ್ಜ್‌ನೊಳಗಿರುವ ತೆಳುವಾದ ಒಂದು ಪೊರೆ. ಆದ್ದರಿಂದ ಯಂತ್ರ ಕೊಳ್ಳುವ ಕಲಾವಿದರಿಗೂ ಚರ್ಮ ಒಡ್ಡುವ ಗಿರಾಕಿಗೂ ಈ ಸಾಧನದ ರಚನೆ ತಿಳಿದಿರುವುದು ಒಳಿತು.

ಲೇಖನಿಯಿಂದ ಯಂತ್ರಕ್ಕೆ

ಕರ್ನಾಟಕದಲ್ಲಿ ಹಚ್ಚೆ ಹೊಸತೇನಲ್ಲ. ಊರೂರು ಸುತ್ತಿ, ಜಾತ್ರೆ ಸಂತೆಗಳಲ್ಲಿ ಕುಳಿತು ಕೊರವಂಜಿಯರು ಸೂಜಿಯಿಂದ ಕೈಮೇಲೆ ಹಚ್ಚೆ ಚುಚ್ಚುತ್ತಿದ್ದ ಸಂಪ್ರದಾಯ ಹಳೆಯದು. ವಿದ್ಯುತ್ ಯಂತ್ರದ ಕತೆ ಆರಂಭವಾಗುವುದು ಅಮೆರಿಕದಲ್ಲಿ. ಥಾಮಸ್ ಎಡಿಸನ್ 1876ರಲ್ಲಿ ಹಕ್ಕುಸ್ವಾಮ್ಯ ಪಡೆದ ವಿದ್ಯುತ್ ಲೇಖನಿಯು ಕಾಗದದಲ್ಲಿ ಸಾಲುಸಾಲಾಗಿ ರಂಧ್ರ ಕೊರೆದು ಪ್ರತಿ ತೆಗೆಯುವ ಸಾಧನವಾಗಿತ್ತು. ಅದೇ ತತ್ವವನ್ನು ಆಧರಿಸಿ ನ್ಯೂಯಾರ್ಕ್‌ನ ಸ್ಯಾಮ್ಯುಯೆಲ್ ಓರೈಲಿ 1891ರಲ್ಲಿ ಹಚ್ಚೆ ಯಂತ್ರಕ್ಕೆ ಹಕ್ಕುಸ್ವಾಮ್ಯ ಪಡೆದರು. 1904ರಲ್ಲಿ ಚಾರ್ಲಿ ವ್ಯಾಗ್ನರ್ ವಿದ್ಯುತ್ಕಾಂತದ ಸುರುಳಿಗಳಿಂದ ಓಡುವ ಯಂತ್ರಕ್ಕೆ ಹಕ್ಕು ಪಡೆದ ಮೇಲೆ ಬಹುಕಾಲ ಕಾಯಿಲ್ ಯಂತ್ರಗಳದೇ ಆಳ್ವಿಕೆ. ತಿರುಗುವ ಮೋಟರಿನ ರೋಟರಿ ಯಂತ್ರ ಮತ್ತೆ ಮುನ್ನೆಲೆಗೆ ಬರಲು ಸಣ್ಣ ಗಾತ್ರದ ಉತ್ತಮ ಮೋಟರುಗಳು ಹಾಗೂ ಕಾರ್ಟ್ರಿಡ್ಜ್‌ಗಳು ಕಾರಣವಾದವು.

ಸ್ಟ್ರೋಕ್ ಎಂದರೇನು?

ರೋಟರಿ ಯಂತ್ರದಲ್ಲಿ ನೇರ ವಿದ್ಯುತ್ತಿನ ಪುಟ್ಟ ಮೋಟರೊಂದು ತಿರುಗುತ್ತದೆ. ಅದರ ದಂಡದ ತುದಿಯಲ್ಲಿ ನಡುವಿನಿಂದ ತುಸು ಸರಿಸಿ ಕೂರಿಸಿದ ಕ್ಯಾಮ್ ಇರುತ್ತದೆ. ಮೋಟರಿನ ಸುತ್ತುವಿಕೆಯನ್ನು ಸೂಜಿಯ ಹಿಂದುಮುಂದಿನ ಚಲನೆಯಾಗಿ ಬದಲಿಸುವುದು ಈ ಕ್ಯಾಮ್. ಸೂಜಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಚಲಿಸುವ ದೂರಕ್ಕೆ ಸ್ಟ್ರೋಕ್ ಎನ್ನುತ್ತಾರೆ. ಕ್ಯಾಮ್ ನಡುವಿನಿಂದ 1.75 ಮಿ.ಮೀ. ಸರಿದಿದ್ದರೆ ಸ್ಟ್ರೋಕ್ ಅದರ ಎರಡರಷ್ಟು, ಅಂದರೆ 3.5 ಮಿ.ಮೀ.

ಮಾರುಕಟ್ಟೆಯಲ್ಲಿ ಸುಮಾರು 2.5ರಿಂದ 5 ಮಿ.ಮೀ. ಸ್ಟ್ರೋಕಿನ ಯಂತ್ರಗಳು ದೊರೆಯುತ್ತವೆ. ನವಿರಾದ ಛಾಯೆಗೆ 3 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ, ದಪ್ಪ ಗೆರೆಗೆ 4 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಅನುಕೂಲಕರ. ಒಂದೇ ಯಂತ್ರ ಕೊಳ್ಳುವ ಕಲಿಕೆಯವರಿಗೆ 3.5 ಮಿ.ಮೀ. ಎಲ್ಲ ಬಗೆಯ ಕೆಲಸಕ್ಕೂ ಒದಗುತ್ತದೆ.

ಸ್ಟ್ರೋಕ್ ಬೇರೆ, ಸೂಜಿ ಚರ್ಮಕ್ಕೆ ಇಳಿಯುವ ಆಳ ಬೇರೆ. ಶಾಯಿ ನಿಲ್ಲಬೇಕಾದುದು ಹೊರಚರ್ಮದ ಕೆಳಗಿನ ಒಳಚರ್ಮದಲ್ಲಿ, ಅಂದರೆ ಮೇಲ್ಮೈಯಿಂದ ಸುಮಾರು 1ರಿಂದ 2 ಮಿ.ಮೀ. ಆಳದಲ್ಲಿ. ಇದನ್ನು ನಿರ್ಧರಿಸುವುದು ಹಿಡಿಕೆಯ ಹೊಂದಾಣಿಕೆ ಹಾಗೂ ಕಲಾವಿದರ ಕೈ. ಆಳ ಕಡಿಮೆಯಾದರೆ ಶಾಯಿ ಹೊರಚರ್ಮದೊಂದಿಗೆ ಉದುರಿಹೋಗುತ್ತದೆ. ಹೆಚ್ಚಾದರೆ ಗೆರೆಯಾಚೆ ನೀಲಿಯಾಗಿ ಹರಡುತ್ತದೆ, ಗಾಯದ ಕಲೆಯೂ ಉಳಿಯಬಹುದು.

ವೇಗ ಮತ್ತು ಕೈ

ನಿಮಿಷಕ್ಕೆ 6,000 ಸುತ್ತು ತಿರುಗುವ ಮೋಟರ್ ಸೆಕೆಂಡಿಗೆ 100 ಬಾರಿ ಚುಚ್ಚುತ್ತದೆ. ಆಗ ಕೈಯನ್ನು ಸೆಕೆಂಡಿಗೆ 2 ಸೆಂ.ಮೀ. ಸರಿಸಿದರೆ ಚುಚ್ಚುಗಳ ನಡುವಿನ ಅಂತರ 0.2 ಮಿ.ಮೀ. ಆಗುತ್ತದೆ, ಗೆರೆ ಅಖಂಡವಾಗಿ ಮೂಡುತ್ತದೆ. ಅದೇ ಕೈ 5 ಸೆಂ.ಮೀ. ಸರಿದರೆ ಅಂತರ 0.5 ಮಿ.ಮೀ.ಗೆ ಏರಿ, ಒಂಟಿ ಸೂಜಿಯ ಗೆರೆ ಚುಕ್ಕೆಗಳಾಗಿ ಒಡೆಯುತ್ತದೆ. ಕೈ ನಿಧಾನವಾಗಿ, ಯಂತ್ರ ಮಾತ್ರ ಅತಿವೇಗವಾಗಿ ಓಡಿದರೆ ಒಂದೇ ಜಾಗ ಮತ್ತೆ ಮತ್ತೆ ಚುಚ್ಚಿಸಿಕೊಂಡು ಚರ್ಮ ಕಿತ್ತುಬರುತ್ತದೆ.

ಹೀಗಾಗಿ ವೋಲ್ಟೇಜಿನ ಸಂಖ್ಯೆಯನ್ನು ಒಬ್ಬರಿಂದೊಬ್ಬರು ನಕಲು ಮಾಡುವುದರಲ್ಲಿ ಅರ್ಥವಿಲ್ಲ. ಒಂದು ಮೋಟರ್ 7 ವೋಲ್ಟಿನಲ್ಲಿ ತಲುಪುವ ವೇಗಕ್ಕೆ ಇನ್ನೊಂದಕ್ಕೆ 9 ವೋಲ್ಟ್ ಬೇಕಾಗಬಹುದು. ಕೊಳ್ಳುವಾಗ ಗಮನಿಸಬೇಕಾದ ಅಂಶಗಳು ಬೇರೆ. ಚರ್ಮ ತಾಗಿದಾಗ ವೇಗ ಕುಸಿಯಬಾರದು. ಅರ್ಧ ಗಂಟೆ ಓಡಿದರೂ ಹಿಡಿಕೆ ಬಿಸಿಯಾಗಬಾರದು. ಕಂಪನ ಕಡಿಮೆಯಿರಬೇಕು. ತೂಕ ಮಣಿಕಟ್ಟಿಗೆ ಹೊರೆಯಾಗಬಾರದು. ಬಿಡಿಭಾಗಗಳೂ ದುರಸ್ತಿಯೂ ಹತ್ತಿರದಲ್ಲೇ ಸಿಗಬೇಕು. ಬ್ಯಾಟರಿಯ ಯಂತ್ರದಲ್ಲಿ ತಂತಿಯ ಕಿರಿಕಿರಿ ಇರುವುದಿಲ್ಲ, ಸುತ್ತಬೇಕಾದ ಭಾಗವೂ ಕಡಿಮೆ; ಆದರೆ ತೂಕ ಹೆಚ್ಚು.

ಕಾರ್ಟ್ರಿಡ್ಜ್ ಮೇಲಿನ ಸಂಕೇತಗಳು

ಸೂಜಿಗಳ ಗುಚ್ಛ, ಅದನ್ನು ಹಿಡಿದಿಡುವ ಪ್ಲಾಸ್ಟಿಕ್ ತುದಿ, ಹಿಂಬದಿಯ ಪೊರೆ ಇವೆಲ್ಲ ಒಂದೇ ಘಟಕವಾಗಿ ಬರುವುದು ಕಾರ್ಟ್ರಿಡ್ಜ್. ಹಿಡಿಕೆಗೆ ಸಿಕ್ಕಿಸಿ, ಕೆಲಸ ಮುಗಿದ ಮೇಲೆ ಕಿತ್ತು ಎಸೆಯಬೇಕಾದ ವಸ್ತು ಇದು.

ಪೊಟ್ಟಣದ ಮೇಲೆ 1207 ಆರ್‌ಎಲ್ ಎಂದಿದ್ದರೆ ಮೊದಲ ಎರಡು ಅಂಕೆಗಳು ಪ್ರತಿ ಸೂಜಿಯ ದಪ್ಪವನ್ನೂ ಮುಂದಿನ ಎರಡು ಸೂಜಿಗಳ ಸಂಖ್ಯೆಯನ್ನೂ ಸೂಚಿಸುತ್ತವೆ. 12 ಎಂದರೆ 0.35 ಮಿ.ಮೀ., 10 ಎಂದರೆ 0.30 ಮಿ.ಮೀ., 08 ಎಂದರೆ 0.25 ಮಿ.ಮೀ. ಆರ್‌ಎಲ್ ಎಂಬುದು ಒತ್ತಾಗಿ ದುಂಡಗೆ ಜೋಡಿಸಿದ ಗೆರೆಸೂಜಿ. ಆರ್‌ಎಸ್ ತುಸು ಬಿಡಿಯಾಗಿ ದುಂಡಗಿರುವ ಛಾಯಾಸೂಜಿ. ಎರಡು ಸಾಲಾಗಿ ಚಪ್ಪಟೆ ಜೋಡಿಸಿದ್ದು ಮ್ಯಾಗ್ನಮ್. ಬಣ್ಣ ತುಂಬಲು ಇದು ಬೇಕು. ಅಂಚುಗಳು ಕಮಾನಿನಂತೆ ಹಿಂದೆ ಸರಿದಿರುವ ಬಾಗಿದ ಮ್ಯಾಗ್ನಮ್‌ನ ಮೂಲೆಗಳು ಚರ್ಮವನ್ನು ಅಷ್ಟಾಗಿ ಸೀಳುವುದಿಲ್ಲ. ಆರಂಭಿಕರಿಗೆ ಏಳು ಸೂಜಿಯ ಗೆರೆ ಗುಚ್ಛ ಹೆಚ್ಚು ಕ್ಷಮಾಶೀಲ. ಒಂದು ಅಥವಾ ಮೂರು ಸೂಜಿಯದು ಕೈನಡುಕವನ್ನೆಲ್ಲ ತೋರಿಸುತ್ತದೆ, ಆಳಕ್ಕೂ ಬೇಗ ಇಳಿಯುತ್ತದೆ.

ಪೊರೆಯ ಎರಡು ಕೆಲಸ

ಕಾರ್ಟ್ರಿಡ್ಜ್ ಬಳಸುವ ಯಂತ್ರದ ಕಡ್ಡಿ ಸೂಜಿಯನ್ನು ಮುಂದಕ್ಕೆ ತಳ್ಳುತ್ತದೆಯೇ ಹೊರತು ಹಿಂದಕ್ಕೆ ಎಳೆಯುವುದಿಲ್ಲ. ಹಿಂದಕ್ಕೆ ತರುವುದು ರಬ್ಬರಿನಂತೆ ಹಿಗ್ಗುವ ಪೊರೆ. ಕೆಲವು ತಯಾರಿಕೆಗಳಲ್ಲಿ ಸ್ಪ್ರಿಂಗ್ ಅಥವಾ ರಬ್ಬರ್ ಪಟ್ಟಿಯೂ ಇರುತ್ತದೆ. ಸೆಳೆತ ಸಡಿಲವಾಗಿದ್ದರೆ ಸೂಜಿ ಪೂರ್ತಿ ಹಿಂದಿರುಗದೆ ಚರ್ಮದಲ್ಲೇ ತಡವರಿಸುತ್ತದೆ. ಅತಿ ಬಿಗಿಯಾಗಿದ್ದರೆ ಮೋಟರಿನ ಮೇಲೆ ಹೊರೆ ಬೀಳುತ್ತದೆ.

ಎರಡನೆಯ ಕೆಲಸ ಇನ್ನೂ ಮುಖ್ಯವಾದುದು. ಚುಚ್ಚುವಾಗ ಶಾಯಿಯೊಂದಿಗೆ ಬೆರೆತ ರಕ್ತ ತುದಿಯೊಳಗೆ ಸೇರುತ್ತದೆ. ಪೊರೆ ಇಲ್ಲದಿದ್ದರೆ ಅಥವಾ ಹರಿದಿದ್ದರೆ ಅದು ಹಿಮ್ಮುಖವಾಗಿ ಹಿಡಿಕೆಗೆ, ಅಲ್ಲಿಂದ ಮೋಟರಿನ ಕಡ್ಡಿಗೆ ಏರುತ್ತದೆ. ಉಕ್ಕಿನ ಹಿಡಿಕೆಯನ್ನು ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್ ಹಬೆಗೊಡ್ಡಿ ಕ್ರಿಮಿಶುದ್ಧಿ ಮಾಡಬಹುದು. ಮೋಟರನ್ನು ಹಾಗೆ ಮಾಡಲಾಗದು. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಸೋಂಕುಶಕ್ತಿ ಉಳಿಸಿಕೊಳ್ಳಬಲ್ಲದು. ಆಸ್ಪತ್ರೆ ಸಿಬ್ಬಂದಿಗೆ ಸೋಂಕಿತರ ಸೂಜಿ ಚುಚ್ಚಿದ ಪ್ರಕರಣಗಳಲ್ಲಿ ಎಚ್‌ಐವಿ ತಗಲುವ ಸಂಭವ ಸುಮಾರು ಶೇ 0.3. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ಶೇ 6ರಿಂದ 30. ಹಚ್ಚೆ ಕಲಾವಿದರು ಈ ಲಸಿಕೆಯ ಮೂರೂ ಡೋಸ್ ಪಡೆದಿರಬೇಕು ಎನ್ನುವುದು ಇದೇ ಕಾರಣಕ್ಕೆ.

ಹೊಸ ತಯಾರಿಕೆಯ ಕಾರ್ಟ್ರಿಡ್ಜ್ ಕೊಂಡಾಗ ಪರೀಕ್ಷೆ ಸುಲಭ. ಒಂದನ್ನು ಬಿಚ್ಚಿ ಹಿಂಬದಿಯ ಕಡ್ಡಿಯನ್ನು ಒತ್ತಿ ಬಿಟ್ಟರೆ ಸೂಜಿ ತಟ್ಟನೆ ಒಳಸರಿಯಬೇಕು. ಬಳಿಕ ಬಣ್ಣದ ನೀರಿನಲ್ಲಿ ತುದಿಯನ್ನದ್ದಿ ಐದು ನಿಮಿಷ ಯಂತ್ರ ಓಡಿಸಿ, ಕಳಚಿ ಹಿಂಬದಿಯನ್ನು ಬಿಳಿ ಕಾಗದದಿಂದ ಒರೆಸಬೇಕು. ಕಾಗದಕ್ಕೆ ಬಣ್ಣ ಹತ್ತಿದರೆ ಆ ತಂಡದ ಸರಕು ಬಳಸಲರ್ಹವಲ್ಲ. ಪರೀಕ್ಷಿಸಿದ ಕಾರ್ಟ್ರಿಡ್ಜನ್ನೂ ಎಸೆಯಬೇಕು.

ಬಳಕೆಯ ಕ್ರಮ

ಕಾರ್ಟ್ರಿಡ್ಜ್‌ಗಳನ್ನು ಸಾಮಾನ್ಯವಾಗಿ ಎಥಿಲೀನ್ ಆಕ್ಸೈಡ್ ಅನಿಲದಿಂದ ಕ್ರಿಮಿಶುದ್ಧಿಗೊಳಿಸಿ ಬಿಡಿಬಿಡಿಯಾಗಿ ಮೊಹರು ಮಾಡಿರುತ್ತಾರೆ. ತಂಡದ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರಬೇಕು; ಪೊಟ್ಟಣ ಹರಿದಿರಬಾರದು. ಯಂತ್ರಕ್ಕೂ ತಂತಿಗೂ ಪ್ಲಾಸ್ಟಿಕ್ ಹೊದಿಕೆ ಹಾಕಿ, ಪ್ರತಿ ಗಿರಾಕಿಗೂ ಬದಲಿಸಬೇಕು. ಯಂತ್ರ ನಿಲ್ಲಿಸಿಯೇ ಕಾರ್ಟ್ರಿಡ್ಜ್ ಕೂರಿಸಿ, ಸೂಜಿ ಎಷ್ಟು ಹೊರಬರುತ್ತದೆಂಬುದನ್ನು ಹಿಡಿಕೆ ತಿರುಗಿಸಿ ಹೊಂದಿಸಬೇಕು. ಶಾಯಿಯನ್ನು ಆ ಗಿರಾಕಿಗಷ್ಟೇ ಮೀಸಲಾದ ಪುಟ್ಟ ಬಟ್ಟಲಿಗೆ ಸುರಿದುಕೊಳ್ಳಬೇಕು, ಉಳಿದುದನ್ನು ಮತ್ತೆ ಸೀಸೆಗೆ ಹಾಕಬಾರದು. ತೆಳುವಾಗಿಸಲು ನಲ್ಲಿ ನೀರು ಸಲ್ಲದು.

ಬಳಸಿದ ಕಾರ್ಟ್ರಿಡ್ಜನ್ನು ತೊಳೆದು, ಕುದಿಸಿ ಮತ್ತೆ ಬಳಸುವಂತಿಲ್ಲ. ಆಟೋಕ್ಲೇವ್‌ನಲ್ಲಿಟ್ಟರೂ ಪೊರೆ ಮೊದಲಿನಂತಿರುತ್ತದೆಂಬ ಖಾತರಿಯಿಲ್ಲ. ಚೂಪು ತ್ಯಾಜ್ಯಕ್ಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಸೂಚಿಸುವ, ಚುಚ್ಚಿದರೂ ತೂತಾಗದ ಬಿಳಿ ಅರೆಪಾರದರ್ಶಕ ಡಬ್ಬಿ ಹಚ್ಚೆ ಅಂಗಡಿಗೂ ಮಾದರಿ.

ಗಿರಾಕಿ ನೋಡಬೇಕಾದ್ದು

ಮೊಹರು ಮಾಡಿದ ಪೊಟ್ಟಣವನ್ನು ಕಣ್ಣೆದುರೇ ಒಡೆಯುವಂತೆ ಕೇಳುವುದು ಗಿರಾಕಿಯ ಹಕ್ಕು. ಪೊರೆಯುಳ್ಳ ಕಾರ್ಟ್ರಿಡ್ಜೇ, ಯಂತ್ರಕ್ಕೆ ಹೊಸ ಹೊದಿಕೆ ಹಾಕಲಾಗಿದೆಯೇ ಎಂದೂ ಕೇಳಬೇಕು. ಜಾತ್ರೆಯ ಮಳಿಗೆಯಾಗಲಿ, ಮಾಲ್‌ನ ಸ್ಟುಡಿಯೊ ಆಗಲಿ ಪ್ರಶ್ನೆ ಒಂದೇ. ಹಚ್ಚೆ ಹಾಕಿಸಿಕೊಂಡವರಿಂದ 12 ತಿಂಗಳ ಕಾಲ ರಕ್ತ ಸ್ವೀಕರಿಸಬಾರದೆಂದು ರಾಷ್ಟ್ರೀಯ ರಕ್ತ ವರ್ಗಾವಣೆ ಮಂಡಳಿಯ 2017ರ ಮಾರ್ಗಸೂಚಿ ಹೇಳಿರುವುದನ್ನು ಗಮನಿಸಿದರೆ ಅಪಾಯದ ಸ್ವರೂಪ ಅರ್ಥವಾದೀತು.

ಯಂತ್ರ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಕಾರ್ಟ್ರಿಡ್ಜ್ ಪ್ರತಿ ಗಿರಾಕಿಗೂ ಹೊಸದಾಗಿ ಬೇಕು. ಹಣ ಉಳಿಸಲೇಬೇಕಾದ ಕಲಾವಿದರು ಸಾಧಾರಣ ಬೆಲೆಯ ಯಂತ್ರದಿಂದ ಕೆಲಸ ಆರಂಭಿಸಬಹುದು. ಕಾರ್ಟ್ರಿಡ್ಜ್‌ನ ಗುಣಮಟ್ಟದಲ್ಲಿ ಮಾತ್ರ ಜಿಪುಣತನ ಕೂಡದು.