ಷರ್ಲಾಕ್ ಹೋಮ್ಸ್‌ನನ್ನು ‘ನುಂಗಿದ’ ರೈಶನ್‌ಬಾಕ್ ಜಲಪಾತ: ಯಾವಾಗ ಹೋಗಬೇಕು, ಏನು ನೋಡಬೇಕು?

ಸ್ವಿಟ್ಜರ್ಲೆಂಡ್‌ನ ಆಲ್ಪ್ಸ್ ಪರ್ವತಗಳಲ್ಲಿ ಜಲಪಾತಗಳಿಗೆ ಬರವಿಲ್ಲ. ಆದರೆ ಒಂದೇ ಒಂದು ಕಥೆಯಿಂದ ಜಗತ್ಪ್ರಸಿದ್ಧವಾದದ್ದು ಮೈರಿಂಗೆನ್ ಊರಿನ ಬಳಿಯ ರೈಶನ್‌ಬಾಕ್. ಪತ್ತೇದಾರ ಷರ್ಲಾಕ್ ಹೋಮ್ಸ್ ತನ್ನ ಕಡುವೈರಿ ಪ್ರೊಫೆಸರ್ ಮೊರಿಯಾರ್ಟಿ ಜೊತೆ ಸೆಣಸಿ ಪ್ರಪಾತಕ್ಕೆ ಬಿದ್ದನೆಂದು ಓದುಗರು ನಂಬಿದ್ದು ಇಲ್ಲಿಯೇ.

ಲೇಖಕನಿಗೇ ಬೇಡವಾದ ನಾಯಕ

ಹೋಮ್ಸ್ ಕಥೆಗಳಿಂದ ಬೇಸತ್ತಿದ್ದ ಆರ್ಥರ್ ಕಾನನ್ ಡಾಯ್ಲ್, 1893ರಲ್ಲಿ ಸ್ವಿಟ್ಜರ್ಲೆಂಡ್‌ಗೆ ಬಂದಾಗ ಈ ಜಲಪಾತ ನೋಡಿದರು. ಅದೇ ಡಿಸೆಂಬರ್‌ನಲ್ಲಿ ‘ದಿ ಫೈನಲ್ ಪ್ರಾಬ್ಲಂ’ ಪ್ರಕಟವಾಯಿತು. ಓದುಗರು ಸಿಡಿದೆದ್ದರು. ಕೊನೆಗೆ 1903ರಲ್ಲಿ ‘ದಿ ಎಂಪ್ಟಿ ಹೌಸ್’ ಕಥೆಯಲ್ಲಿ, ಹೋಮ್ಸ್ ಬಿದ್ದೇ ಇರಲಿಲ್ಲ ಎಂದು ಬರೆದು ಡಾಯ್ಲ್ ಅವನನ್ನು ಮರಳಿ ತರಬೇಕಾಯಿತು.

ಕಥೆಯ ಪ್ರಕಾರ ಆ ಕಾಳಗ ನಡೆದದ್ದು 1891ರ ಮೇ 4ರಂದು. ಬಂಡೆಯ ಮೇಲೆ ಆ ಜಾಗವನ್ನು ಬಿಳಿ ನಕ್ಷತ್ರದಿಂದ ಗುರುತಿಸಲಾಗಿದೆ. ಊರಿನಲ್ಲಿ 1988ರಲ್ಲಿ ಹೋಮ್ಸ್ ಪ್ರತಿಮೆ, 1991ರಲ್ಲಿ ಹಳೆಯ ಇಂಗ್ಲಿಷ್ ಚರ್ಚ್‌ನಲ್ಲಿ ಹೋಮ್ಸ್ ಮ್ಯೂಸಿಯಂ ಬಂದಿವೆ.

ಜೋಗಕ್ಕಿಂತ ಹೇಗೆ ಭಿನ್ನ?

ರೈಶನ್‌ಬಾಕ್‌ನ ಒಟ್ಟು ಎತ್ತರ ಸುಮಾರು 250 ಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ಜೋಗದಷ್ಟೇ. ಆದರೆ ಜೋಗದ ರಾಜ ಒಂದೇ ನೆಗೆತಕ್ಕೆ ಧುಮುಕಿದರೆ, ಇದು ಹಲವು ಹಂತಗಳಲ್ಲಿ ಇಳಿಯುತ್ತದೆ. ಮೇಲಿನ ಹಂತವೇ 100 ಮೀಟರ್‌ಗೂ ಹೆಚ್ಚು. ಜೋಗ ಮೈದುಂಬುವುದು ಮುಂಗಾರಿನಲ್ಲಿ. ಇದು ಹಿಮ ಕರಗುವ ಬೇಸಿಗೆಯ ಆರಂಭದಲ್ಲಿ. ಶರಾವತಿಯಂತೆ ಇಲ್ಲಿಯೂ ನೀರನ್ನು ವಿದ್ಯುತ್ ಉತ್ಪಾದನೆಗೆ ಬಳಸುವುದರಿಂದ ಕೆಲವೊಮ್ಮೆ ಹರಿವು ಸೊರಗುತ್ತದೆ.

ತಲುಪುವುದು ಹೇಗೆ?

ಇಂಟರ್‌ಲಾಕನ್ ಮತ್ತು ಲೂಸರ್ನ್ ಎರಡೂ ಕಡೆಯಿಂದ ಮೈರಿಂಗೆನ್‌ಗೆ ರೈಲಿದೆ. ನಿಲ್ದಾಣದಿಂದ ಅರ್ಧ ಗಂಟೆಯೊಳಗೆ ನಡೆದು ಫನಿಕ್ಯುಲರ್ ರೈಲಿನ ಕೆಳನಿಲ್ದಾಣ ಸೇರಬಹುದು. ಕೇಬಲ್ ಎಳೆಯುವ ಈ ಕೆಂಪು ಮರದ ಬೋಗಿ ಕಡಿದಾದ ಇಳಿಜಾರು ಹತ್ತಿ ಕೆಲವೇ ನಿಮಿಷಗಳಲ್ಲಿ ವೀಕ್ಷಣಾ ತಾಣಕ್ಕೆ ಮುಟ್ಟಿಸುತ್ತದೆ. ಈ ಮಾರ್ಗ ಆರಂಭವಾದದ್ದು 1899ರಲ್ಲಿ.

ಗಮನದಲ್ಲಿರಲಿ

* ಭಾರತೀಯ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ ಬೇಕು.
* ಫನಿಕ್ಯುಲರ್ ಚಳಿಗಾಲದಲ್ಲಿ ಓಡುವುದಿಲ್ಲ. ಮೇ ತಿಂಗಳಿಂದ ಅಕ್ಟೋಬರ್ ಆರಂಭದೊಳಗೆ ಪ್ರವಾಸ ಇಟ್ಟುಕೊಳ್ಳಿ. ಹೊರಡುವ ಮುನ್ನ ವೇಳಾಪಟ್ಟಿ ನೋಡಿ.
* ನೀರಿನ ಅಬ್ಬರ ನೋಡುವುದೇ ಉದ್ದೇಶವಾದರೆ ಜೂನ್, ಜುಲೈ ಸೂಕ್ತ.
* ತುಂತುರಿನಿಂದ ಕಾಲುದಾರಿ ಜಾರುತ್ತದೆ. ಹಿಡಿತವಿರುವ ಬೂಟು, ಮಳೆ ಜಾಕೆಟ್ ಇರಲಿ.
* ಸೆಲ್ಫಿಗಾಗಿ ಕಂಬಿ ದಾಟಬೇಡಿ. ಇಲ್ಲಿಂದ ಮರಳಿ ಬಂದ ಹೋಮ್ಸ್ ಕಥೆಯ ಮನುಷ್ಯ; ಪ್ರಪಾತ ಮಾತ್ರ ನಿಜವಾದದ್ದು.