ಘರ್ಷಣೆಯ ನಿಯಮ ಮತ್ತು ಕಾರಣ: ಒಂದು ಚಾರಿತ್ರಿಕ ಅವಲೋಕನ

ಪರಸ್ಪರ ತಾಗಿರುವ ಎರಡು ಮೇಲ್ಮೈಗಳು ಒಂದರ ಮೇಲೊಂದು ಜಾರುವುದನ್ನು ತಡೆಯುವ ಬಲವೇ ಘರ್ಷಣೆ. ನಡೆಯುವವನ ಪಾದ ನೆಲವನ್ನು ಹಿಂದಕ್ಕೆ ಒತ್ತಿದಾಗ ಅದನ್ನು ಜಾರಗೊಡದೆ ದೇಹವನ್ನು ಮುಂದಕ್ಕೆ ಸಾಗಿಸುವುದು ಈ ಬಲ. ಬಂಡಿಯ ಅಚ್ಚನ್ನು ಸವೆಸುವುದೂ ಇದೇ ಬಲ. ಅಚ್ಚಿಗೆ ಕೀಲೆಣ್ಣೆ ಹಚ್ಚಿ ಇದನ್ನು ತಗ್ಗಿಸುವ, ಇಳಿಜಾರಿನಲ್ಲಿ ಗಾಲಿಗೆ ತಡೆಯೊತ್ತಿ ಹೆಚ್ಚಿಸುವ ಕೌಶಲ ಶಾಸ್ತ್ರಕ್ಕಿಂತ ಬಹಳ ಹಿಂದಿನದು. ಘರ್ಷಣೆಯ ನಿಯಮಗಳು ಯುರೋಪಿನಲ್ಲಿ ಹದಿನೇಳನೆಯ ಶತಮಾನದ ಕೊನೆಗೆ ಪ್ರಕಟವಾದವು. ಆದರೆ ಅದರ ಕಾರಣದ ಬಗೆಗೆ ತೃಪ್ತಿಕರವಾದ ವಿವರಣೆ ದೊರೆತುದು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ. ಈ ಸುದೀರ್ಘ ಅಂತರಕ್ಕೆ ಉಪಕರಣಗಳ ಕೊರತೆಯೊಂದೇ ಕಾರಣವಲ್ಲ. ನಿಯಮವು ಸರಿಯಾಗಿದ್ದುದರಿಂದಲೇ ಅದರೊಡನೆ ಬಂದ ಅಸಮರ್ಪಕ ವಿವರಣೆಯೂ ನೆಲೆನಿಂತಿತು ಎಂಬುದನ್ನು ಈ ಚರಿತ್ರೆ ತೋರಿಸುತ್ತದೆ.

ಅನುಭವಜ್ಞಾನದ ಪ್ರಾಚೀನತೆಗೆ ಈಜಿಪ್ಟಿನ ಜೆಹುತಿಹೋಟೆಪ್‌ನ ಸಮಾಧಿಯಲ್ಲಿನ ಚಿತ್ರವು ಪ್ರಸಿದ್ಧ ಸಾಕ್ಷಿ. ಸುಮಾರು ಕ್ರಿ.ಪೂ. 1880ರ ಕಾಲದ ಈ ಚಿತ್ರದಲ್ಲಿ 172 ಮಂದಿ ನಾಲ್ಕು ಸಾಲುಗಳಲ್ಲಿ ನಿಂತು, ಗಾಲಿಯಿಲ್ಲದ ಜಾರುಬಂಡಿಯ ಮೇಲಿರಿಸಿದ ಬೃಹತ್ ಪ್ರತಿಮೆಯನ್ನು ಹಗ್ಗಗಳಿಂದ ಎಳೆಯುತ್ತಿದ್ದಾರೆ. ಜಾರುಬಂಡಿಯ ಮುಂತುದಿಯಲ್ಲಿ ನಿಂತ ಒಬ್ಬನು ನೆಲದ ಮೇಲೆ ದ್ರವವೊಂದನ್ನು ಸುರಿಯುತ್ತಿದ್ದಾನೆ. ಇದನ್ನು ಧಾರ್ಮಿಕ ವಿಧಿಯೆಂದು ಅರ್ಥೈಸಿದ ವಿದ್ವಾಂಸರೂ ಉಂಟು. 2014ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ನಡೆಸಿದ ಪ್ರಯೋಗಗಳಲ್ಲಿ, ಹದವಾಗಿ ತೇವಗೊಂಡ ಮರಳಿನ ಮೇಲೆ ಎಳೆಯಲು ಬೇಕಾದ ಬಲವು ಒಣಮರಳಿನ ಮೇಲೆ ಬೇಕಾದುದರ ಸುಮಾರು ಅರ್ಧಕ್ಕೆ ಇಳಿಯಿತು. ಒಣಮರಳು ಬಂಡಿಯ ಮುಂದೆ ರಾಶಿಗಟ್ಟುತ್ತದೆ. ತೇವದ ಮರಳಿನ ಕಣಗಳನ್ನು ನೀರು ಬಿಗಿಹಿಡಿಯುವುದರಿಂದ ನೆಲ ಗಟ್ಟಿಯಾಗುತ್ತದೆ. ನೀರು ಹೆಚ್ಚಾದರೆ ಈ ಲಾಭ ಉಳಿಯುವುದಿಲ್ಲ.

ಅನುಭವವನ್ನು ಅಳತೆಗೆ ತಂದ ಮೊದಲಿಗರಲ್ಲಿ ಲಿಯೊನಾರ್ಡೊ ಡ ವಿಂಚಿ (1452–1519) ಮುಖ್ಯನು. ಒಂದೇ ದಿಮ್ಮಿಯನ್ನು ಅಗಲ ಮಗ್ಗುಲಲ್ಲಿ ಇಟ್ಟರೂ ಕಿರಿದಾದ ಮಗ್ಗುಲಲ್ಲಿ ಇಟ್ಟರೂ ಎಳೆಯಲು ಬೇಕಾದ ಬಲ ಒಂದೇ ಎಂದೂ, ಭಾರ ಇಮ್ಮಡಿಯಾದರೆ ಘರ್ಷಣೆಯೂ ಇಮ್ಮಡಿಸುತ್ತದೆ ಎಂದೂ ಅವನು ಗುರುತಿಸಿದ್ದನು. ಈ ಟಿಪ್ಪಣಿಗಳು ಅವನ ಕಾಲದಲ್ಲಿ ಪ್ರಕಟವಾಗಲಿಲ್ಲ. ಆದುದರಿಂದ ಮುಂದಿನವರು ಅದೇ ನಿಯಮಗಳನ್ನು ಹೊಸದಾಗಿ ಕಂಡುಕೊಳ್ಳಬೇಕಾಯಿತು.

1699ರ ಡಿಸೆಂಬರ್‌ನಲ್ಲಿ ಗಿಯೋಮ್ ಅಮೊಂಟನ್ಸ್ ಪ್ಯಾರಿಸ್ಸಿನ ರಾಜ ವಿಜ್ಞಾನ ಅಕಾಡೆಮಿಯ ಮುಂದೆ ತನ್ನ ಪ್ರಬಂಧವನ್ನು ಮಂಡಿಸಿದನು. ಘರ್ಷಣೆಯು ಮೇಲ್ಮೈಗಳನ್ನು ಒತ್ತುವ ಭಾರಕ್ಕೆ ಅನುಪಾತದಲ್ಲಿರುತ್ತದೆ, ತಾಗುವ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಎಂಬುದು ಅದರ ಸಾರ. ಎರಡನೆಯ ಮಾತು ಸಭಿಕರಿಗೆ ವಿಚಿತ್ರವೆನಿಸಿತು. ಫಿಲಿಪ್ ದ ಲಾ ಇರ್ ಪ್ರಯೋಗ ನಡೆಸಿ ಅದನ್ನು ದೃಢಪಡಿಸಿದನು. ಮೇಲ್ಮೈಗಳ ಉಬ್ಬುತಗ್ಗುಗಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ, ಭಾರವನ್ನು ಆ ಉಬ್ಬುಗಳ ಮೇಲೆ ಎತ್ತಿ ದಾಟಿಸಬೇಕಾದ ಶ್ರಮವೇ ಘರ್ಷಣೆ ಎಂಬ ವಿವರಣೆ ಈ ನಿಯಮಗಳೊಡನೆ ಬೆಳೆಯಿತು. ಉಬ್ಬಿನ ಇಳಿಜಾರು ಮಾತ್ರ ಮುಖ್ಯವಾದುದರಿಂದ ವಿಸ್ತೀರ್ಣಕ್ಕೆ ಇಲ್ಲಿ ಪಾತ್ರವಿರಲಿಲ್ಲ. ಹೀಗೆ ವಿವರಣೆಯು ನಿಯಮಕ್ಕೆ ಸರಿಯಾಗಿ ಹೊಂದಿಕೊಂಡಿತು. ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ಲಿಯೊನಾರ್ಡ್ ಆಯ್ಲರ್ ಇದೇ ಕಲ್ಪನೆಯನ್ನು ಗಣಿತಕ್ಕೆ ಅಳವಡಿಸಿ, ಸ್ಥಿತ ಘರ್ಷಣೆ ಮತ್ತು ಚಲನ ಘರ್ಷಣೆಗಳನ್ನು ಬೇರ್ಪಡಿಸಿದನು.

ಈ ವಿವರಣೆಗೆ ಎದುರಾದ ಸಾಕ್ಷ್ಯ ಆಗಲೇ ಲಭ್ಯವಿತ್ತು. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಜಾನ್ ಡೆಸಾಗುಲಿಯೆ 1724ರಲ್ಲಿ, ಎರಡು ಸೀಸದ ಗುಂಡುಗಳ ಒಂದೊಂದು ಬದಿಯನ್ನು ಕೊಯ್ದು ತಿರುಚಿ ಒತ್ತಿದರೆ ಅವು ಬಿಡಿಸಲು ಕಷ್ಟವಾಗುವಷ್ಟು ಅಂಟಿಕೊಳ್ಳುವುದನ್ನು ವರದಿ ಮಾಡಿದ್ದನು. ಮೇಲ್ಮೈಗಳನ್ನು ಅತಿಯಾಗಿ ನಯಗೊಳಿಸಿದರೆ ಘರ್ಷಣೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ ಎಂಬುದನ್ನೂ ಅವನು ಗಮನಿಸಿದನು. ಉಬ್ಬುತಗ್ಗೇ ಕಾರಣವಾಗಿದ್ದರೆ ಹೀಗಾಗತಕ್ಕದ್ದಲ್ಲ. ಆದರೆ ಅಂಟುವಿಕೆಯೇ ಕಾರಣವೆಂದರೆ ತಾಗುವ ವಿಸ್ತೀರ್ಣ ಹೆಚ್ಚಿದಂತೆ ಘರ್ಷಣೆಯೂ ಹೆಚ್ಚಬೇಕು. ಅಮೊಂಟನ್ಸ್‌ನ ನಿಯಮ ಅದನ್ನು ಒಪ್ಪುವುದಿಲ್ಲ. ಸೇನಾ ಇಂಜಿನಿಯರ್ ಚಾರ್ಲ್ಸ್ ಅಗಸ್ಟಿನ್ ಕೂಲಂಬ್ ನಿಂತದ್ದು ಈ ತೊಡಕಿನ ಮುಂದೆಯೇ. ರೋಷ್‌ಫೋರ್ ನೌಕಾಬಂದರಿನಲ್ಲಿ ಮರ ಮತ್ತು ಲೋಹಗಳ ಮೇಲೆ ಪ್ರಯೋಗ ನಡೆಸಿ 1781ರಲ್ಲಿ ಅಕಾಡೆಮಿಯ ಬಹುಮಾನ ಪಡೆದ ಅವನ ಪ್ರಬಂಧ 1785ರಲ್ಲಿ ಪ್ರಕಟವಾಯಿತು. ಚಲನ ಘರ್ಷಣೆಯು ವೇಗವನ್ನು ಬಹುಮಟ್ಟಿಗೆ ಅವಲಂಬಿಸುವುದಿಲ್ಲ ಎಂಬ ನಿಯಮ ಅವನ ಹೆಸರಿನಲ್ಲಿದೆ. ಅಂಟುವಿಕೆಯನ್ನು ಪರಿಶೀಲಿಸಿದ ಅವನು ಅದರ ಪಾಲು ಅತ್ಯಲ್ಪವೆಂದು ಬದಿಗಿರಿಸಿ ಉಬ್ಬುತಗ್ಗಿನ ಪಕ್ಷವನ್ನೇ ಎತ್ತಿಹಿಡಿದನು.

1804ರಲ್ಲಿ ಸ್ಕಾಟ್ಲೆಂಡಿನ ಜಾನ್ ಲೆಸ್ಲಿ ಎತ್ತಿದ ಆಕ್ಷೇಪ ಸರಳವೂ ಬಲವಾದುದೂ ಆಗಿತ್ತು. ಉಬ್ಬನ್ನು ಏರಲು ವ್ಯಯವಾದ ಶ್ರಮ ಇಳಿಯುವಾಗ ಮರಳಿ ದೊರೆಯಬೇಕು. ಹಾಗಿದ್ದರೆ ಸಮತಲದಲ್ಲಿ ಎಳೆಯಲು ನಿರಂತರವಾಗಿ ಬಲವೇಕೆ ಬೇಕು? ತೋಪು ಕೊರೆಯುವಾಗ ಎಡೆಬಿಡದೆ ಹುಟ್ಟುವ ಶಾಖವನ್ನು ರಮ್‌ಫೋರ್ಡ್ 1798ರಲ್ಲಿಯೇ ವರದಿ ಮಾಡಿದ್ದನು. ಕೇವಲ ಏರಿಳಿತವು ಅಂತಹ ಶಾಖಕ್ಕೆ ಕಾರಣವಾಗಲಾರದು.

ತೊಡಕನ್ನು ಬಿಡಿಸಿದವರು ಕೇಂಬ್ರಿಜ್‌ನ ಫ್ರಾಂಕ್ ಫಿಲಿಪ್ ಬೌಡನ್ ಮತ್ತು ಡೇವಿಡ್ ಟೇಬರ್. ತಾಗಿರುವ ಲೋಹಗಳ ವಿದ್ಯುತ್ ರೋಧವನ್ನು ಅಳೆದು, ಕಣ್ಣಿಗೆ ಕಾಣುವ ಸಂಪರ್ಕ ವಿಸ್ತೀರ್ಣಕ್ಕೂ ನಿಜವಾದ ಸಂಪರ್ಕ ವಿಸ್ತೀರ್ಣಕ್ಕೂ ಅಜಗಜಾಂತರವಿದೆಯೆಂದು ಅವರು 1939ರಲ್ಲಿ ತೋರಿಸಿದರು. ಅತಿ ನಯವಾದ ಲೋಹಗಳೂ ಕೆಲವೇ ಉಬ್ಬುಗಳ ತುದಿಯಲ್ಲಿ ತಾಗುತ್ತವೆ. ಆ ತುದಿಗಳು ಚಪ್ಪಟೆಯಾಗಿ ಪರಸ್ಪರ ಬೆಸೆದುಕೊಳ್ಳುತ್ತವೆ. ಈ ಬೆಸುಗೆಗಳನ್ನು ಕತ್ತರಿಸಲು ಬೇಕಾದ ಬಲವೇ ಘರ್ಷಣೆಯ ಮುಖ್ಯಾಂಶ. ಭಾರ ಇಮ್ಮಡಿಯಾದರೆ ಚಪ್ಪಟೆಯಾದ ಒಟ್ಟು ವಿಸ್ತೀರ್ಣವೂ ಇಮ್ಮಡಿಯಾಗುತ್ತದೆ. ತಳವನ್ನು ಅಗಲಿಸಿದರೆ ಅದೇ ಭಾರ ಹೆಚ್ಚು ಉಬ್ಬುಗಳಿಗೆ ಹಂಚಿಹೋಗುವುದರಿಂದ ನಿಜವಾದ ವಿಸ್ತೀರ್ಣ ಬದಲಾಗುವುದಿಲ್ಲ. ಹೀಗೆ ಅಂಟುವಿಕೆಯೂ ಅಮೊಂಟನ್ಸ್‌ನ ನಿಯಮವೂ ಪರಸ್ಪರ ವಿರುದ್ಧವಲ್ಲವೆಂದು ಸಿದ್ಧವಾಯಿತು. ಇವರ ಗ್ರಂಥವು 1950ರಲ್ಲಿ ಹೊರಬಂದಿತು. ಘರ್ಷಣೆ, ಸವೆತ, ಕೀಲೆಣ್ಣೆಗಳ ಅಧ್ಯಯನಕ್ಕೆ ಟ್ರೈಬಾಲಜಿ ಎಂಬ ಹೆಸರು 1966ರ ಬ್ರಿಟನ್ನಿನ ಜೋಸ್ಟ್ ವರದಿಯಿಂದ ಬಳಕೆಗೆ ಬಂದಿತು. 1987ರಲ್ಲಿ ಒಂದೇ ಸೂಜಿಮೊನೆಯ ಘರ್ಷಣೆಯನ್ನು ಪರಮಾಣು ಮಟ್ಟದಲ್ಲಿ ಅಳೆಯುವುದೂ ಸಾಧ್ಯವಾಯಿತು.

ಈ ವಿವರಣೆಯಿಂದ ಹಳೆಯ ನಿಯಮಗಳ ಮಿತಿಯೂ ಸ್ಪಷ್ಟವಾಯಿತು. ಟೈರಿನ ರಬ್ಬರು ಮೃದುವಾದುದರಿಂದ ಭಾರದೊಡನೆ ಅದರ ಘರ್ಷಣೆ ಅದೇ ಅನುಪಾತದಲ್ಲಿ ಏರುವುದಿಲ್ಲ. ಮಳೆಯಲ್ಲಿ ರಸ್ತೆಗೂ ಟೈರಿಗೂ ನಡುವೆ ನೀರಿನ ಪದರ ಸೇರಿದರೆ ನಿಜವಾದ ಸಂಪರ್ಕವೇ ತಪ್ಪಿ ಬ್ರೇಕು ಒತ್ತಿದರೂ ವಾಹನ ಜಾರುತ್ತದೆ. ಡೆಸಾಗುಲಿಯೆಯ ಅವಲೋಕನಕ್ಕೆ ಎರಡು ಶತಮಾನಗಳ ಕಾಲ ಸ್ಥಾನ ದೊರೆಯದೆ ಹೋದುದು ಅದು ದುರ್ಬಲವಾಗಿದ್ದುದರಿಂದಲ್ಲ. ವಿಸ್ತೀರ್ಣವೆಂಬ ಪದಕ್ಕೆ ಎರಡು ಅರ್ಥಗಳಿರಬಹುದೆಂದು ಯಾರೂ ಕೇಳದೆ ಇದ್ದುದರಿಂದ. ನಿಯಮದ ಸಫಲತೆಯು ವಿವರಣೆಗೆ ಪ್ರಮಾಣವಾಗಲಾರದೆಂಬ ವಿವೇಕವನ್ನು ವಿಜ್ಞಾನದ ಚರಿತ್ರೆಗೆ ಒದಗಿಸಿದುದರಲ್ಲಿಯೇ ಘರ್ಷಣೆಯ ಅಧ್ಯಯನದ ಮಹತ್ತ್ವವಿದೆ.